ಪದಚರ್ಚೆ: ಕಾರಿನ ‘ರ್‍ಯಾಟಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ವಾರಂಟಿ ಮುಗಿಯುವ ಮೊದಲು ಕಾರಿನ ಸಣ್ಣಪುಟ್ಟ ಸದ್ದುಗಳನ್ನು ಬರೆದು ಕೊಡುವ ದೂರಿನ ಚೀಟಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ಮೂರು ಚೌಕಗಳಿವೆ: ಬಝ್, ಸ್ಕ್ವೀಕ್, ರ್‍ಯಾಟಲ್. ಕೊನೆಯದಕ್ಕೆ ನಿಘಂಟಿನಲ್ಲಿ ‘ಗಿಲಕಿ’ ಸಿಕ್ಕಿತು. ‘ಕಾರಿನಲ್ಲಿ ಗಿಲಕಿ ಇದೆಯೇ’ ಅಂತ ಕೇಳಿದರೆ ಮಗು ಇರುವವರೆಲ್ಲ ಹೌದು ಅಂತ ಗುರುತು ಹಾಕುತ್ತಾರೆ. ಸುಮ್ನೆ ‘ಶಬ್ದ’ ಅಂತ ಹಾಕಿಬಿಡಲೇ?

*

> ಸುಮ್ನೆ ‘ಶಬ್ದ’ ಅಂತ

ಬೇಡ. ‘ಶಬ್ದ ಬರುತ್ತಿದೆ’ ಅಂತ ಬರೆದುಕೊಟ್ಟರೆ ಒಂದು ಸುತ್ತು ಓಡಿಸಿ ‘ಏನೂ ಕೇಳಿಸಲಿಲ್ಲ’ ಅಂತ ವಾಪಸ್ ಕೊಡುತ್ತಾರೆ. ನನಗೇ ಎರಡು ಸಲ ಆಗಿದೆ. ಮೂರೂ ಬೇರೆ ಬೇರೆ ಕಾಯಿಲೆ. ಸಡಿಲವಾದ ಎರಡು ಭಾಗ ಒಂದಕ್ಕೊಂದು ಬಡಿದರೆ ರ್‍ಯಾಟಲ್. ಅಂಟಿ ಜಾರಿ, ಅಂಟಿ ಜಾರಿ ಉಜ್ಜಿಕೊಂಡರೆ ಸ್ಕ್ವೀಕ್. ತೆಳು ತಗಡು ಎಂಜಿನ್ನಿನ ಯಾವುದೋ ಒಂದು ವೇಗಕ್ಕೆ ಮಾತ್ರ ಅದುರಿದರೆ ಬಝ್. ಸೈಲೆನ್ಸರ್ ಕೊಳವೆಯ ಬಿಸಿ ತಡೆಯುವ ತಗಡು ಸಡಿಲಾದಾಗ ಸಾಮಾನ್ಯವಾಗಿ ಬರುವುದು ಇದೇ. ಲೊಡಲೊಡ, ಕಿರ್‌ಕಿರ್, ಗುಂಯ್. ಮುಗೀತು.

*

ಲೊಡಲೊಡ ಒಂದರಲ್ಲೇ ಮುಗಿಯುವುದಿಲ್ಲ ಸ್ವಾಮಿ. ಡ್ಯಾಶ್‌ಬೋರ್ಡಿನೊಳಗೆ ಬಿದ್ದ ಸ್ಕ್ರೂ ಗಲಗಲ ಅನ್ನುತ್ತದೆ. ನಂಬರ್ ಪ್ಲೇಟು ಲಟಲಟ. ಹಳ್ಳಕ್ಕಿಳಿದಾಗ ಕೆಳಗಿನಿಂದ ‘ಲೊಟಕ್’ ಅಂದರೆ ಸಸ್ಪೆನ್ಷನ್ ಮೇಲೆ ಅನುಮಾನ ಪಡಬೇಕು, ಸಣ್ಣ ಸದ್ದು ಅಂತ ಬಿಡಬಾರದು. ನಾನು ನಾಲ್ಕು ತಿಂಗಳು ಬಾಗಿಲಲ್ಲಿ ಹುಡುಕಿದ ಒಂದು ‘ಕಟಕಟ’ ಇತ್ತು. ಕೊನೆಗೆ ನೋಡಿದರೆ ಹಿಂದಿನ ಖಾಲಿ ಸೀಟಿನ ಬೆಲ್ಟಿನ ಬಕಲ್ಲು ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ರೇಡಿಯೋ, ಫ್ಯಾನು ಎಲ್ಲ ಆರಿಸಿ, ಬೇರೆಯವರಿಗೆ ಓಡಿಸಲು ಕೊಟ್ಟು ನಾನು ಹಿಂದೆ ಕೂತ ದಿನವೇ ಸಿಕ್ಕಿತು.

*

ಅನುಕರಣಾವ್ಯಯವನ್ನು ಹಾಗೇ ಚೌಕದ ಪಕ್ಕ ನಿಲ್ಲಿಸುವುದು ಸರಿಯಲ್ಲ. ಅಲ್ಲಿಗೆ ಬೇಕಾದದ್ದು ನಾಮಪದ: ‘ಲೊಡಗುಟ್ಟುವಿಕೆ’. ಈ ‘ಗುಟ್ಟು’ ನಮ್ಮ ‘ಕುಟ್ಟು’ವೇ. ‘ಮಳೆ’, ‘ಕಾಲ’ ಸೇರಿ ‘ಮಳೆಗಾಲ’ ಆದ ಹಾಗೆ ಆದೇಶ ಸಂಧಿ. ಬಡಿದುಕೊಳ್ಳುವ ಅರ್ಥ ಪದದೊಳಗೇ ಇದೆ. ಇದನ್ನು ಹಿಂದೆಯೂ ಇಲ್ಲಿ ಬರೆದಿದ್ದೇನೆ.

*

> ಈ ‘ಗುಟ್ಟು’ ನಮ್ಮ ‘ಕುಟ್ಟು’ವೇ

ಹಾಗಾದರೆ ಪಿಸುಗುಟ್ಟುವವರು ಏನನ್ನು ಕುಟ್ಟುತ್ತಾರೆ?

*

ನಗುವವರು ನಗಲಿ. ಅದಿರಲಿ, ಚೀಟಿಯ ತಲೆಯಲ್ಲಿ ‘ವಾರಂಟಿ’ ಯಾಕೆ? ‘ಹೊಣೆಗಡುವು’ ಅನ್ನಿ.

*

‘ಖಾತರಿ’ ಇದೆಯಲ್ಲ. ಎಲ್ಲರಿಗೂ ಗೊತ್ತಿರುವ ಮಾತು.

*

ಖಾತರಿ ಅರಬ್ಬಿ ಮೂಲದ್ದು. ಒಂದು ಸಾಲ ತೀರಿಸಲು ಇನ್ನೊಂದು ಸಾಲ.

*

ವಾರಂಟಿ, ಗ್ಯಾರಂಟಿ ಎರಡೂ ಒಂದೇ ಜರ್ಮಾನಿಕ್ ಬೇರಿನವು, ಗೊತ್ತಲ್ಲ? ಫ್ರೆಂಚಿನ ಒಂದು ಒಳನುಡಿಯಲ್ಲಿ ‘ವ’ ಉಳಿಯಿತು, ಇನ್ನೊಂದರಲ್ಲಿ ‘ಗ’ ಆಯಿತು. ಇಂಗ್ಲಿಷಿನವರು ಒಂದೇ ಪದವನ್ನು ಎರಡು ಬಾಗಿಲಿಂದ ಒಳಗೆ ತಂದು ಎರಡು ಅರ್ಥ ಹಚ್ಚಿ ಆರಾಮಾಗಿದ್ದಾರೆ. ನಾವು ಒಂದು ಸಲ ತಂದರೆ ಭಾಷೆ ಹಾಳಾಗುತ್ತದಾ? ಗಾಡಿ ಇಟ್ಟುಕೊಂಡವರು ‘ಹೊಣೆಗಡುವು’ ಓದಿ ಸಾಲದ ಕಂತು ಅಂದುಕೊಳ್ಳುತ್ತಾರೆ.

*

ಹಾಗೆ ಅಂದುಕೊಳ್ಳುವಂತೆ ಮಾಡಿದವರು ನಿಮ್ಮಂಥವರೇ. ಬಳಸದೆ ಯಾವ ಪದ ರೂಢಿಗೆ ಬರುತ್ತದೆ?

*

ಕೇಳಿದವಳು ನಾನು. ಚೀಟಿ ಈಗಷ್ಟೇ ಕಳಿಸಿದೆ. ಚೌಕಗಳಿಗೆ ಹಾಕಿದ್ದು: ‘ಬಡಿಯುವ ಸದ್ದು – ಲೊಡಲೊಡ, ಗಲಗಲ’, ‘ಉಜ್ಜುವ ಸದ್ದು – ಕಿರ್‌ಕಿರ್’, ‘ಅದುರುವ ಸದ್ದು – ಗುಂಯ್’. ಕೆಳಗೆ ಒಂದು ಖಾಲಿ ಸಾಲು ಸೇರಿಸಿಕೊಂಡೆ: ಯಾವಾಗ ಬರುತ್ತದೆ, ಹಳ್ಳದಲ್ಲೋ, ತಿರುವಿನಲ್ಲೋ, ಎಂಜಿನ್ ತಣ್ಣಗಿದ್ದಾಗಲೋ. ವಾರಂಟಿ ವಾರಂಟಿಯಾಗೇ ಉಳಿಯಿತು, ಬೈಯುವವರು ಬೈಯಿರಿ. ಲೊಡಗುಟ್ಟುವಿಕೆ ಚೌಕದ ಪಕ್ಕದ ಜಾಗದಲ್ಲಿ ಹಿಡಿಸಲಿಲ್ಲ.

ಬಕಲ್ಲಿನ ಕಥೆ ಹೇಳಿದವರಿಗೆ ಜಾಸ್ತಿ ಥ್ಯಾಂಕ್ಸ್. ನನ್ನ ಕಾರಿನಲ್ಲೂ ಒಂದು ಕಟಕಟ ಇದೆ. ಭಾನುವಾರ ಹಿಂದೆ ಕೂತು ನೋಡುತ್ತೇನೆ.