ರಾಷ್ಟ್ರೀಯ ಮಾನವೀಯ ಕಾನೂನು ಸಮಿತಿಗಳು ಹೇಗೆ ಕೆಲಸ ಮಾಡುತ್ತವೆ? ಅಣಕು ಸಭೆಗೆ ಮಾಹಿತಿ ಬೇಕು

ಉಪನ್ಯಾಸಕಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕಾನೂನು ವಿದ್ಯಾರ್ಥಿಗಳಿಗೆ ಒಂದು ದಿನದ ಅಣಕು ಸಮಿತಿ ಸಭೆ ನಡೆಸಬೇಕೆಂದಿದೆ. ಅಣಕು ನ್ಯಾಯಾಲಯ, ಅಣಕು ಸಂಸತ್ತು ಹೇಗೆ ನಡೆಯುತ್ತವೆಂದು ಎಲ್ಲರಿಗೂ ಗೊತ್ತು. ಇಲ್ಲಿ ವಿಷಯ ಬೇರೆ. ಜಿನೀವಾ ಒಪ್ಪಂದಗಳಂಥ ಯುದ್ಧಕಾಲದ ಮಾನವೀಯ ಕಾನೂನನ್ನು ದೇಶದೊಳಗೆ ಜಾರಿಗೆ ತರಲು ಹಲವು ಸರ್ಕಾರಗಳು ರಾಷ್ಟ್ರೀಯ ತಜ್ಞ ಸಮಿತಿ ರಚಿಸಿಕೊಂಡಿವೆಯಲ್ಲ, ಆ ಥರದ ಸಮಿತಿ. ಅದರಲ್ಲಿ ಯಾರು ಯಾರು ಕೂರಬೇಕು? ಸಭೆ ಮುಗಿದಾಗ ಕೈಯಲ್ಲಿ ಯಾವ ಕಾಗದ ಇರಬೇಕು? ಭಾಷಣ ಸ್ಪರ್ಧೆ ಆಗಿಬಿಡದ ಹಾಗೆ ಹೇಗೆ ನೋಡಿಕೊಳ್ಳುವುದು? ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹುಡುಗ ಹುಡುಗಿಯರು ಕಣ್ಣಾರೆ ನೋಡಿ ಬರೆಯಬಹುದಾದ ಸಂಗತಿ ಏನಾದರೂ ಇದೆಯೇ? ಬಲ್ಲವರು ವಿವರವಾಗಿ ತಿಳಿಸಿ.

ಕಡತ_ಟಿಪ್ಪಣಿ:

ಮೇಡಂ, ಈ ಸಮಿತಿ ನ್ಯಾಯಾಲಯವಲ್ಲ, ತನಿಖಾ ಆಯೋಗವೂ ಅಲ್ಲ ಎಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡಿ. ಸರ್ಕಾರಕ್ಕೆ ಸಲಹೆ ಕೊಡುವುದು, ಇಲಾಖೆಗಳ ನಡುವೆ ಕೆಲಸ ಹೊಂದಿಸುವುದು, ಇಷ್ಟೇ ಅದರ ಅಧಿಕಾರ. 1995ರ ಜನವರಿಯಲ್ಲಿ ಜಿನೀವಾದಲ್ಲಿ ಸೇರಿದ ಸರ್ಕಾರಿ ತಜ್ಞರು ಇಂಥ ಸಮಿತಿಗಳನ್ನು ರಚಿಸಿಕೊಳ್ಳಿ ಎಂದು ಶಿಫಾರಸು ಮಾಡಿದರು. ಅದೇ ಡಿಸೆಂಬರಿನಲ್ಲಿ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್‌ನ 26ನೇ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು ಅನುಮೋದಿಸಿತು. ಬೆಲ್ಜಿಯಂ 1987ರಲ್ಲೇ ಶುರು ಮಾಡಿತ್ತು. ನಮ್ಮ ನೆರೆಯಲ್ಲಿ ಶ್ರೀಲಂಕಾ 2000ದಲ್ಲಿ, ನೇಪಾಳ 2007ರಲ್ಲಿ ರಚಿಸಿಕೊಂಡವು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಇವೆ.

ಇದಕ್ಕೆ ಸಮಿತಿಯೇ ಏಕೆ, ಒಂದು ಇಲಾಖೆ ಸಾಲದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ಮೂರನೇ ಜಿನೀವಾ ಒಪ್ಪಂದದ 122ನೇ ವಿಧಿಯೊಂದೇ ಸಾಕು. ಯುದ್ಧ ಶುರುವಾದ ಕೂಡಲೇ ಪ್ರತಿ ಪಕ್ಷವೂ ತನ್ನ ವಶದಲ್ಲಿರುವ ಯುದ್ಧ ಕೈದಿಗಳ ಬಗ್ಗೆ ಮಾಹಿತಿ ಕೇಂದ್ರ ತೆರೆಯಬೇಕು. ಕೈದಿಯ ಹೆಸರು, ಸೇನಾ ಸಂಖ್ಯೆ, ಹುಟ್ಟಿದ ಊರು ಮತ್ತು ದಿನಾಂಕ, ತಂದೆಯ ಹೆಸರು, ತಾಯಿಯ ತವರಿನ ಹೆಸರು, ಯಾರಿಗೆ ತಿಳಿಸಬೇಕೋ ಅವರ ವಿಳಾಸ ಅಲ್ಲಿರಬೇಕು. ವರ್ಗಾವಣೆ, ಬಿಡುಗಡೆ, ತಪ್ಪಿಸಿಕೊಂಡದ್ದು, ಆಸ್ಪತ್ರೆಗೆ ಸೇರಿದ್ದು, ಸಾವು, ಎಲ್ಲವೂ ದಾಖಲಾಗಬೇಕು. ತೀವ್ರವಾಗಿ ಗಾಯಗೊಂಡವರ ಆರೋಗ್ಯದ ಮಾಹಿತಿ ಸಾಧ್ಯವಾದರೆ ವಾರಕ್ಕೊಮ್ಮೆ ಹೋಗಬೇಕು. 124ನೇ ವಿಧಿಯ ಪ್ರಕಾರ ಈ ಕೇಂದ್ರದ ಪತ್ರಗಳಿಗೆ ಅಂಚೆ ವೆಚ್ಚ ಹಾಕುವಂತಿಲ್ಲ. ಈಗ ಲೆಕ್ಕ ಹಾಕಿ: ಸೇನೆಯ ದಾಖಲೆ ಕಚೇರಿ, ಸೇನಾ ಆಸ್ಪತ್ರೆ, ವಿದೇಶಾಂಗ, ಗೃಹ, ಅಂಚೆ. ಒಂದೇ ವಿಧಿಗೆ ಇಷ್ಟು ಇಲಾಖೆ. ಗುಂಡು ಹಾರಲು ಶುರುವಾದ ದಿನ ಯಾರು ಯಾರಿಗೆ ಪತ್ರ ಬರೆಯಬೇಕೆಂದು ಹುಡುಕುತ್ತಾ ಕೂತರೆ ಮನೆಯವರು ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ಕಾಯುತ್ತಾರೆ. ಅದು ಆಗದಂತೆ ಶಾಂತಿಕಾಲದಲ್ಲೇ ಹಂಚಿಕೆ ಮಾಡಿಡುವುದು ಸಮಿತಿಯ ಅಸಲು ಕೆಲಸ.

ಮಾಡುವ ಕ್ರಮ ಹೀಗೆ. ದೇಶ ಒಪ್ಪಿರುವ ಒಪ್ಪಂದಗಳ ಒಂದೊಂದು ವಿಧಿಗೂ ಒಂದು ಸಾಲಿನಂತೆ ದೊಡ್ಡ ತಖ್ತೆ ತಯಾರಾಗುತ್ತದೆ. ವಿಧಿ ಹೇಳುವ ಕರ್ತವ್ಯ, ಈಗಿರುವ ದೇಶೀಯ ಕಾನೂನು, ಕೊರತೆ, ಹೊಣೆ ಹೊರುವ ಇಲಾಖೆ, ಮುಂದಿನ ಹೆಜ್ಜೆ, ಗಡುವು. ನಮ್ಮ ದೇಶವನ್ನೇ ತೆಗೆದುಕೊಳ್ಳಿ. ಭಾರತ ನಾಲ್ಕೂ ಜಿನೀವಾ ಒಪ್ಪಂದಗಳನ್ನು 1950ರಲ್ಲಿ ಅನುಮೋದಿಸಿತು, 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆ ಬಂತು. ಸಂರಕ್ಷಿತ ವ್ಯಕ್ತಿಯನ್ನು, ಅಂದರೆ ಒಪ್ಪಂದಗಳು ರಕ್ಷಣೆ ಕೊಡುವ ಗಾಯಾಳು, ಯುದ್ಧ ಕೈದಿ, ನಾಗರಿಕರಂಥವರನ್ನು, ಉದ್ದೇಶಪೂರ್ವಕವಾಗಿ ಕೊಂದರೆ ಮರಣದಂಡನೆ ಅಥವಾ ಜೀವಾವಧಿ, ಉಳಿದ ಘೋರ ಉಲ್ಲಂಘನೆಗಳಿಗೆ 14 ವರ್ಷದವರೆಗೆ ಸೆರೆ. ಹಾಗಾಗಿ ಆ ಸಾಲಿನಲ್ಲಿ 'ಕಾನೂನು ಇದೆ' ಎಂದು ಬರೆಯಬಹುದು. ಆದರೆ ನಾಲ್ಕೂ ಒಪ್ಪಂದಗಳಲ್ಲಿ ಒಂದೇ ರೀತಿ ಇರುವ, ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೆ ಸಂಬಂಧಿಸಿದ 3ನೇ ವಿಧಿಯ ಉಲ್ಲಂಘನೆ ಆ 'ಘೋರ ಉಲ್ಲಂಘನೆ'ಯ ಪಟ್ಟಿಯಲ್ಲಿ ಬರುವುದಿಲ್ಲ. ಆ ಸಾಲಿನಲ್ಲಿ ಸಾಮಾನ್ಯ ದಂಡ ಕಾನೂನು ಎಷ್ಟರ ಮಟ್ಟಿಗೆ ಒದಗುತ್ತದೆ ಎಂದು ವಿದ್ಯಾರ್ಥಿಗಳೇ ಹುಡುಕಿ ಬರೆಯಲಿ. ಜಿನೀವಾ ಒಪ್ಪಂದಗಳಿಗೆ ಪೂರಕವಾಗಿ ಬಂದ 1977ರ ಹೆಚ್ಚುವರಿ ಪ್ರೋಟೋಕಾಲ್‌ಗಳಿಗೆ ಭಾರತ ಸೇರಿಲ್ಲ. ಅವನ್ನು ಕರ್ತವ್ಯದ ಕಾಲಂನಲ್ಲಿ ಸೇರಿಸಬೇಡಿ, ಅಲ್ಲೇ ಬಹಳ ಜನ ಎಡವುವುದು.

ಸಮಿತಿಗಳು ಎಲ್ಲಿ ಕೆಡುತ್ತವೆ ಎಂಬುದನ್ನೂ ಸಭೆಯಲ್ಲಿ ಬೇಕೆಂದೇ ತೋರಿಸಿ. ಸದಸ್ಯರನ್ನು ಹುದ್ದೆಯಿಂದ ನೇಮಿಸದೆ ಹೆಸರಿನಿಂದ ನೇಮಿಸಿದರೆ ಒಂದು ವರ್ಗಾವಣೆಗೆ ನೆನಪೆಲ್ಲ ಹೋಗುತ್ತದೆ. 'ಮೇಲಿನವರನ್ನು ಕೇಳಿ ಹೇಳುತ್ತೇನೆ' ಎನ್ನುವ ಕಿರಿಯ ಅಧಿಕಾರಿಯನ್ನೇ ಕಳಿಸುತ್ತಿದ್ದರೆ ಯಾವ ತೀರ್ಮಾನವೂ ಆಗದು. ರಕ್ಷಣಾ ಇಲಾಖೆ ಬಾರದ ಸಮಿತಿ ವಿಚಾರ ಸಂಕಿರಣಗಳನ್ನಷ್ಟೇ ನಡೆಸಿಕೊಂಡು ಉಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಕಾಯಂ ಕಾರ್ಯದರ್ಶಿ ಕಚೇರಿ ಇಲ್ಲದಿರುವುದು. ಸಭೆ ವರ್ಷಕ್ಕೆ ಎರಡು ಸಲ ನಡೆದರೂ ನಡೆದೀತು, ಎರಡು ಸಭೆಗಳ ನಡುವೆ ಅನುಪಾಲನಾ ವರದಿ (ಒಪ್ಪಿಕೊಂಡ ಕೆಲಸ ಎಷ್ಟಾಯಿತೆಂಬ ವರದಿ) ಕೇಳಿ ಬೆನ್ನು ಹತ್ತುವವರು ಇಲ್ಲದಿದ್ದರೆ ತಖ್ತೆ ಬೀರುವಿನಲ್ಲೇ ಕೊಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅಧ್ಯಕ್ಷರಿಗಿಂತ ಈ ಕಾರ್ಯದರ್ಶಿಯ ಪಾತ್ರಕ್ಕೆ ನಿಮ್ಮ ಅತಿ ಚುರುಕಿನ ವಿದ್ಯಾರ್ಥಿಯನ್ನು ಹಾಕಬೇಕು.

ಕುರ್ಚಿ ಹನ್ನೆರಡು ಸಾಕು: ವಿದೇಶಾಂಗ, ರಕ್ಷಣೆ, ಕಾನೂನು, ಗೃಹ, ಆರೋಗ್ಯ, ಶಿಕ್ಷಣ, ಸಂಸ್ಕೃತಿ, ಹಣಕಾಸು, ಅಂಚೆ, ರೆಡ್ ಕ್ರಾಸ್ ಸಂಸ್ಥೆ, ಒಬ್ಬ ಪ್ರಾಧ್ಯಾಪಕರು, ಒಂದು ರಾಜ್ಯ ಸರ್ಕಾರದ ಪ್ರತಿನಿಧಿ. ಕೊನೆಯದನ್ನು ಬಿಡಬೇಡಿ. ಒಪ್ಪಂದ ಜಾರಿ ಕೇಂದ್ರದ ವಿಷಯವಾದರೂ ಪೊಲೀಸ್ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿವೆ. ಹತ್ತು ದಿನ ಮುಂಚೆ ಐದೇ ಐದು ವಿಧಿಗಳ ತಖ್ತೆ ಕೊಟ್ಟುಬಿಡಿ. ಐದು ಸಾಲು ತುಂಬಿ ಸಹಿ ಆಗುವವರೆಗೆ ಊಟಕ್ಕೆ ಬಿಡುವುದಿಲ್ಲ ಎಂದರೆ ಭಾಷಣ ತಾನಾಗಿ ನಿಲ್ಲುತ್ತದೆ.

ಕೋಲಾರ_ವಕೀಲ:

ಮೇಲಿನವರು ಹೇಳಿದ್ದು ಸರಿಯಾಗಿದೆ. ಕಣ್ಣಾರೆ ನೋಡುವ ವಿಷಯ ಎಂದರೆ ಕೆಂಪು ಶಿಲುಬೆಯ ಲಾಂಛನ. ಎಲ್ಲ ಸಮಿತಿಗಳ ಕಾರ್ಯಸೂಚಿಯಲ್ಲೂ ಇದು ಇದ್ದೇ ಇರುತ್ತದೆ. ಕ್ಲಿನಿಕ್ ಬೋರ್ಡು, ಔಷಧಿ ಅಂಗಡಿ, ವೈದ್ಯರ ಕಾರಿನ ಗಾಜು, ಖಾಸಗಿ ಆಂಬುಲೆನ್ಸ್, ಎಲ್ಲಿ ನೋಡಿದರೂ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಶಿಲುಬೆ. ಅದು ವೈದ್ಯರ ಗುರುತು ಎಂದುಕೊಂಡೇ ಹಾಕಿರುತ್ತಾರೆ, ಕೆಟ್ಟ ಉದ್ದೇಶ ಇರುವುದಿಲ್ಲ. ಕಾನೂನಿನಲ್ಲಿ ಅದು ಸೇನೆಯ ವೈದ್ಯಕೀಯ ಸೇವೆಯ ರಕ್ಷಣಾ ಗುರುತು. 1960ರ ಕಾಯ್ದೆಯ 12ನೇ ಕಲಂ ಕೇಂದ್ರ ಸರ್ಕಾರದ ಅನುಮತಿಯಿಲ್ಲದ ಬಳಕೆಯನ್ನು ನಿಷೇಧಿಸುತ್ತದೆ. 13ನೇ ಕಲಂ ಪ್ರಕಾರ 500 ರೂಪಾಯಿವರೆಗೆ ದಂಡ, ಜೊತೆಗೆ ಆ ಸರಕಿನ ಜಪ್ತಿ. 1960ರ ಈ ಮೊತ್ತ ಇಂದು ಯಾರನ್ನೂ ತಡೆಯದು. ಇದೇ ನಿಮ್ಮ ಸಮಿತಿಗೆ ಒಂದು ಒಳ್ಳೆಯ ತಿದ್ದುಪಡಿ ಕರಡು.

ಆಂಬುಲೆನ್ಸ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಯುದ್ಧಭೂಮಿಯ ಗಾಯಾಳುಗಳ ಕುರಿತ ಮೊದಲನೇ ಜಿನೀವಾ ಒಪ್ಪಂದದ 44ನೇ ವಿಧಿ ಶಾಂತಿಕಾಲದಲ್ಲಿ, ರೆಡ್ ಕ್ರಾಸ್ ಸಂಸ್ಥೆಯ ಅನುಮತಿಯೊಂದಿಗೆ, ದೇಶದ ಕಾನೂನಿಗೆ ಒಳಪಟ್ಟು, ಉಚಿತ ಚಿಕಿತ್ಸೆಗೆಂದೇ ಮೀಸಲಾದ ಆಂಬುಲೆನ್ಸ್ ಮತ್ತು ಪ್ರಥಮ ಚಿಕಿತ್ಸಾ ಕೇಂದ್ರಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಬಾಡಿಗೆ ವಸೂಲಿ ಮಾಡುವ ಗಾಡಿಗೆ ಇಲ್ಲ. ರೆಡ್ ಕ್ರಾಸ್ ಸಂಸ್ಥೆ ತನ್ನ ಗುರುತಾಗಿ ಬಳಸುವಾಗಲೂ ಲಾಂಛನ ಚಿಕ್ಕದಾಗಿರಬೇಕು, ಯುದ್ಧಕಾಲದಲ್ಲಿ ತೋಳುಪಟ್ಟಿಯ ಮೇಲೆ, ಕಟ್ಟಡದ ಚಾವಣಿಯ ಮೇಲೆ ಬರಬಾರದು.

ಸಮೀಕ್ಷೆಗೆ ಹೀಗೆ ಮಾಡಿಸಿ: ಒಂದು ರಸ್ತೆ ಆರಿಸಿ, ಎಲ್ಲಿ, ಯಾವ ವಸ್ತುವಿನ ಮೇಲೆ, ಅಂದಾಜು ಅಳತೆ, ಬಣ್ಣ, ಸೇವೆ ಉಚಿತವೋ ಅಲ್ಲವೋ ಎಂದು ಬರೆಯಲಿ. ಅಂಗಡಿಯ ಹೆಸರು, ಗಾಡಿಯ ನಂಬರು ಬೇಡ. ದೂರು ಕೊಡುತ್ತೇವೆಂದು ಹೆದರಿಸುವುದೂ ಬೇಡ. 17ನೇ ಕಲಂ ಪ್ರಕಾರ ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿಯ ದೂರಿನ ಮೇಲೆ ಮಾತ್ರ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳುತ್ತದೆ. ಒಟ್ಟು ಸಂಖ್ಯೆಯನ್ನು ಜಿಲ್ಲಾ ರೆಡ್ ಕ್ರಾಸ್ ಶಾಖೆಗೆ ಪತ್ರದ ಮೂಲಕ ಕೊಟ್ಟು, ಹಸಿರು ಶಿಲುಬೆ ಬಳಸುವಂತೆ ತಿಳಿವಳಿಕೆ ಕೊಡಿ ಎಂದು ಕೋರಿದರೆ ಸಾಕು.

ನಂದಿ_ತಪ್ಪಲು:

ಚಿಕ್ಕಬಳ್ಳಾಪುರದ ಪರವಾಗಿ ಒಂದು ಸೇರ್ಪಡೆ. ಸಾಂಸ್ಕೃತಿಕ ಸ್ವತ್ತಿನ ರಕ್ಷಣೆಗೆ 1954ರ ಹೇಗ್ ಒಪ್ಪಂದ ಇದೆ, ಭಾರತ 1958ರಲ್ಲಿ ಅದಕ್ಕೆ ಸೇರಿದೆ. ಅದರ 3ನೇ ವಿಧಿ ಸಿದ್ಧತೆಯನ್ನು ಶಾಂತಿಕಾಲದಲ್ಲೇ ಮಾಡಬೇಕೆನ್ನುತ್ತದೆ. ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ ಮತ್ತು ಕೋಲಾರಮ್ಮ ದೇವಸ್ಥಾನಗಳು ಕೇಂದ್ರ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ಒಂದನ್ನು ಆರಿಸಿ ಎರಡು ಪುಟದ ಟಿಪ್ಪಣಿ ಮಾಡಿಸಿ: ಸ್ಥಿರ ಭಾಗ ಯಾವುದು, ಸಾಗಿಸಬಹುದಾದ್ದು ಯಾವುದು, ಬೆಂಕಿ ಬಿದ್ದರೆ ನೀರು ಎಲ್ಲಿಂದ, ದೊಡ್ಡ ವಾಹನ ಎಲ್ಲಿಯವರೆಗೆ ಬರುತ್ತದೆ, ಯಾವ ಅಧಿಕಾರಿ ಹೊಣೆ. ಭೋಗನಂದೀಶ್ವರದ ಕಲ್ಯಾಣಿ, ಕಲ್ಯಾಣ ಮಂಟಪದ ಕೆತ್ತನೆ ನೋಡಿ ಬಂದ ವಿದ್ಯಾರ್ಥಿಗೆ ಈ ವಿಧಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀಲಿ ಮತ್ತು ಬಿಳಿಯ ಗುರಾಣಿ ಈ ಒಪ್ಪಂದದ ಲಾಂಛನ. ಉತ್ಸಾಹದಲ್ಲಿ ಅದನ್ನು ಮುದ್ರಿಸಿ ದೇವಸ್ಥಾನದ ಗೋಡೆಗೆ ಅಂಟಿಸಿಬಿಡಬೇಡಿ. ಸಕ್ಷಮ ಅಧಿಕಾರಿ ದಿನಾಂಕ ನಮೂದಿಸಿ ಸಹಿ ಮಾಡಿದ ಅನುಮತಿ ಪತ್ರವನ್ನು ಜೊತೆಗೇ ಪ್ರದರ್ಶಿಸದೆ ಸ್ಥಿರ ಸ್ವತ್ತಿನ ಮೇಲೆ ಅದನ್ನು ಹಾಕುವಂತಿಲ್ಲವೆಂದು 17ನೇ ವಿಧಿ ಹೇಳುತ್ತದೆ. ಆ ಅನುಮತಿ ಪತ್ರದ ನಮೂನೆ ಬರೆಯುವುದೇ ಸಂಸ್ಕೃತಿ ಇಲಾಖೆಯ ಕುರ್ಚಿಗೆ ತಕ್ಕ ಕೆಲಸ. ಈ ಒಪ್ಪಂದದಡಿ ನಾಲ್ಕು ವರ್ಷಕ್ಕೊಮ್ಮೆಯಾದರೂ ಯುನೆಸ್ಕೋಗೆ ವರದಿ ಹೋಗಬೇಕು. ಇಂಥ ವರದಿಗಳ ದಿನಾಂಕ ತಪ್ಪದಂತೆ ನೋಡುವುದೂ ಸಮಿತಿಗಳ ಕೆಲಸವೇ.

ಉಪನ್ಯಾಸಕಿ, ತುಮಕೂರು:

ಮೂವರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆಂದುಕೊಂಡಿರಲಿಲ್ಲ. ಇನ್ನೊಂದೇ ಪ್ರಶ್ನೆ: ಬಾಧಿತ ವ್ಯಕ್ತಿಯೊಬ್ಬರು ಸಮಿತಿಯ ಮುಂದೆ ಬಂದು ಪರಿಹಾರ ಕೇಳುವ ದೃಶ್ಯ ಇಡಬಹುದೇ? ಸಭೆಯ ಅಂತಿಮ ವರದಿಗೆ ಮಾದರಿ ಯಾವುದು?

ಕಡತ_ಟಿಪ್ಪಣಿ:

ಆ ದೃಶ್ಯ ಬೇಡ ಮೇಡಂ. ಸಮಿತಿಗೆ ಅಹವಾಲು ಕೇಳುವ ಅಧಿಕಾರವಿಲ್ಲ, ವಿದ್ಯಾರ್ಥಿಗಳ ತಲೆಯಲ್ಲಿ ತಪ್ಪು ಚಿತ್ರ ಕೂತುಬಿಡುತ್ತದೆ. ಅದರ ಬದಲು ಸುಪ್ರೀಂ ಕೋರ್ಟಿನ 1969ರ ಮೊಂತೇರೊ ಪ್ರಕರಣ ಓದಿಸಿ. ಗೋವಾದ ಪಾದ್ರಿಯೊಬ್ಬರು ನಾಗರಿಕರ ರಕ್ಷಣೆ ಕುರಿತ ನಾಲ್ಕನೇ ಜಿನೀವಾ ಒಪ್ಪಂದದ ರಕ್ಷಣೆ ಕೋರಿದ್ದರು. 1960ರ ಕಾಯ್ದೆ ತಾನಾಗಿ ವ್ಯಕ್ತಿಗೆ ನ್ಯಾಯಾಲಯದಲ್ಲಿ ವಿಶೇಷ ಪರಿಹಾರ ಕೊಡುವುದಿಲ್ಲ ಎಂದಿತು ನ್ಯಾಯಾಲಯ. ಈ ಕೊರತೆಯನ್ನು ತಖ್ತೆಯ ಒಂದು ಸಾಲಾಗಿ ಇಟ್ಟು, ಕಾನೂನು ಇಲಾಖೆಯ ಕುರ್ಚಿಯಿಂದ ಉತ್ತರ ಬರೆಸಿ.

ವರದಿಗೆ ಬ್ರಿಟನ್ 2019ರಲ್ಲಿ ಸ್ವಯಂಪ್ರೇರಣೆಯಿಂದ ಪ್ರಕಟಿಸಿದ ಜಾರಿ ವರದಿಯ ಕ್ರಮ ಅನುಸರಿಸಿ. ಯಾವ ಒಪ್ಪಂದಕ್ಕೆ ಯಾವ ಕಾನೂನು, ಸೇನೆಗೆ ಯಾವ ತರಬೇತಿ, ಲಾಂಛನಕ್ಕೆ ಯಾವ ರಕ್ಷಣೆ ಎಂದು ಸಾದಾ ಭಾಷೆಯಲ್ಲಿದೆ. ಅದೇ ವರ್ಷದ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್‌ನ 33ನೇ ಅಂತರರಾಷ್ಟ್ರೀಯ ಸಮ್ಮೇಳನ ಇಂಥ ದೇಶೀಯ ವಿಶ್ಲೇಷಣೆಗೆ ಒತ್ತು ಕೊಟ್ಟಿತ್ತು. ನಿಮ್ಮದು ಆರು ಪುಟ ಮೀರದಿರಲಿ. ನಡಾವಳಿಯಲ್ಲಿ ಪ್ರತಿ ತೀರ್ಮಾನದ ಎದುರು ಹುದ್ದೆ ಮತ್ತು ಗಡುವು ಬರಲಿ. 'ಪರಿಶೀಲಿಸಲಾಗುವುದು' ಎಂದಷ್ಟೇ ಇರುವ ಸಾಲನ್ನು ಕಾರ್ಯದರ್ಶಿ ವಾಪಸ್ ಕಳಿಸಲಿ.