ಎದುರು ಬರುವ ಬೈಕಿನವರಿಗೆ ಕೈ ಎತ್ತಬೇಕಾ? ನಮ್ಮ ಮನೆ ಗುಂಪಿನ ಜಗಳ

ಭಾನುವಾರ ರಾತ್ರಿ ಊಟದ ಹೊತ್ತಿಗೆ ಬಳ್ಳಾರಿ ತಮ್ಮ ನಮ್ಮ ‘ಮನೆ ಮಂದಿ’ ಗುಂಪಿಗೆ ಒಂದು ವಿಡಿಯೊ ಹಾಕಿದ. ಯಾವುದೋ ಹೊರದೇಶದ ರಸ್ತೆ. ಎದುರುಬದುರಾಗುವ ಬೈಕಿನವರು ಎಡಗೈಯನ್ನು ಕೆಳಗೆ ಚಾಚಿ ಎರಡು ಬೆರಳು ತೋರಿಸಿ ಹೋಗುತ್ತಾರೆ. ಮಲಗುವ ತನಕ ಅದರದ್ದೇ ಮಾತು.

ಬಳ್ಳಾರಿ ತಮ್ಮ: ಎಲ್ಲರೂ ಪೂರ್ತಿ ನೋಡಿ. ಗುರುತು ಪರಿಚಯ ಇಲ್ಲದವರು ಎಷ್ಟು ಪ್ರೀತಿಯಿಂದ ಕೈ ಮಾಡುತ್ತಾರೆ! ಎರಡು ಬೆರಳು ಕೆಳಗೆ ಅಂದರೆ ‘ನಿನ್ನ ಎರಡೂ ಚಕ್ರ ನೆಲದ ಮೇಲಿರಲಿ’ ಅಂತ. ಇವತ್ತು ತೋರಣಗಲ್ಲಿನಿಂದ ಬರುವಾಗ ನಾನೂ ಐದಾರು ಬುಲೆಟ್‌ನವರಿಗೆ ಕೈ ಎತ್ತಿದೆ. ಒಬ್ಬ ಮಾತ್ರ ವಾಪಸ್ ಎತ್ತಿದ. ಬೇಜಾರಾಯಿತು.

ಗಂಗಾವತಿ ಕಾಕಾ: ಆ ಅದಿರು ಲಾರಿಗಳ ಸಾಲಿನಲ್ಲಿ ಹ್ಯಾಂಡಲ್ ಬಿಟ್ಟು ಕೈ ಎತ್ತಿದೆಯಾ? ಲಾರಿ ಪಕ್ಕದಲ್ಲಿ ಹಾದರೆ ಆ ಗಾಳಿಗೇ ಗಾಡಿ ಅಲ್ಲಾಡುತ್ತದಲ್ಲೋ.

ಬಳ್ಳಾರಿ ತಮ್ಮ: ಒಂದು ಕ್ಷಣ ಅಷ್ಟೇ ಕಾಕಾ.

ಗಂಗಾವತಿ ಕಾಕಾ: ಅರವತ್ತರಲ್ಲಿ ಹೋದರೆ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ದಾಟುತ್ತದೆ. ನಮ್ಮ ಮನೆ ತಲೆಬಾಗಿಲಿನಿಂದ ಹಿತ್ತಲ ತನಕ ಅಷ್ಟು ಉದ್ದ ಇಲ್ಲ. ಅಷ್ಟು ದೂರ ನೀನು ಒಂದೇ ಕೈಯಲ್ಲಿ ಹೋದೆ.

ಸಿಂಧನೂರು ಅಕ್ಕ: ನನ್ನದೂ ಒಂದು ಮಾತು. ನಾನು ದಿನಾ ಸ್ಕೂಟಿಯಲ್ಲಿ ಶಾಲೆಗೆ ಹೋಗಿ ಬರುತ್ತೇನೆ. ಎದುರು ಬಂದ ಗಂಡಸರಿಗೆಲ್ಲ ಕೈ ಎತ್ತಿದರೆ ಒಬ್ಬಿಬ್ಬರು ಗಾಡಿ ತಿರುಗಿಸಿಕೊಂಡು ಹಿಂದೆ ಬರುತ್ತಾರೆ. ಇದು ನಿಮಗೆ ಹೊಳೆಯುವುದಿಲ್ಲ, ಅಲ್ವಾ?

ನಾನು: ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇಪ್ಪತ್ತು ವರ್ಷದಿಂದ ರಾಯಚೂರು, ಸಿಂಧನೂರು, ಗಂಗಾವತಿ ಅಂತ ಬೈಕಿನಲ್ಲೇ ಓಡಾಡಿದವನು. ಇದರ ಬಗ್ಗೆ ಸುಮ್ನೆ ಇರಲು ಆಗುವುದಿಲ್ಲ. ತಮ್ಮಾ, ಆ ವಿಡಿಯೊ ಇನ್ನೊಂದು ಸಲ ನೋಡು. ಅವರು ರಸ್ತೆಯ ಬಲಬದಿಗೆ ಓಡಿಸುತ್ತಾರೆ. ಎದುರಿನವನು ಅವರ ಎಡಕ್ಕೆ ಬರುತ್ತಾನೆ. ಎಡಗೈಯಲ್ಲಿ ಇರುವುದು ಬರೀ ಕ್ಲಚ್. ಅದನ್ನು ಬಿಟ್ಟು ಚಾಚಿದರೆ ಎದುರಿನವನಿಗೆ ಚೆನ್ನಾಗಿ ಕಾಣುತ್ತದೆ. ನಾವು ಎಡಬದಿಗೆ ಓಡಿಸುವವರು. ನಮಗೆ ಎದುರಿನವನು ಬಲಕ್ಕೆ ಬರುತ್ತಾನೆ. ಬಲಗೈಯಲ್ಲಿ ಏನಿದೆ? ಆಕ್ಸಿಲರೇಟರ್, ಮುಂದಿನ ಬ್ರೇಕ್. ಗಾಡಿ ನಿಲ್ಲಿಸುವುದರಲ್ಲಿ ಜಾಸ್ತಿ ಕೆಲಸ ಮುಂದಿನ ಬ್ರೇಕಿನದೇ. ಅದನ್ನೇ ಬಿಟ್ಟು ಕೈ ಎತ್ತುತ್ತೀಯಾ? ಎಡಗೈ ಕೆಳಗೆ ಚಾಚಿದರೆ ಗಾಡಿ ಮರೆಯಲ್ಲಿ ಅವನಿಗೆ ಕಾಣುವುದೇ ಇಲ್ಲ. ಇಂಗ್ಲೆಂಡಿನಲ್ಲೂ ನಮ್ಮ ಹಾಗೆ ಎಡಬದಿ. ಅಲ್ಲಿನ ಬೈಕಿನವರು ಜಾಸ್ತಿ ಕೈ ಎತ್ತದೆ ಬರೀ ತಲೆ ಆಡಿಸಿ ಮುಂದೆ ಹೋಗುತ್ತಾರೆ.

ಬಳ್ಳಾರಿ ತಮ್ಮ: ಅಣ್ಣಾ, ಅಂದರೆ ನಿನಗೂ ಬೇಡವಾ?

ನಾನು: ಬೇಕೋ. ಬಹಳ ಬೇಕು. ಆದರೆ ಅದು ನಮ್ಮಲ್ಲಿ ಮೊದಲೇ ಇದೆ. ಸ್ಟ್ಯಾಂಡ್ ಎತ್ತದೆ ಹೊರಟವನಿಗೆ ಎದುರಿನವರು ಬೆರಳು ಕೆಳಗೆ ಮಾಡಿ ಕೂಗುವುದಿಲ್ಲವಾ? ‘ಸ್ಟ್ಯಾಂಡ್! ಸ್ಟ್ಯಾಂಡ್!’ ಅಂತ. ಈಗಿನ ಎಷ್ಟೋ ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದ ಕೂಡಲೇ ಇಂಜಿನ್ ನಿಲ್ಲುತ್ತದೆ. ಮೊದಲು ಆ ಕೂಗೇ ಜೀವ ಉಳಿಸುತ್ತಿತ್ತು. ಹಗಲಲ್ಲಿ ಲೈಟ್ ಉರಿದರೆ ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸುತ್ತಿದ್ದರು, ನೆನಪಿದೆಯಾ?

ಗಂಗಾವತಿ ಕಾಕಾ: ನೆನಪಿಲ್ಲದೆ ಏನು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಹಗಲೂ ಲೈಟ್ ಉರಿಯಲೇಬೇಕು ಅಂತಾಯಿತಲ್ಲ, ಆಗ ತಗೊಂಡೆ ನನ್ನ ಗಾಡಿ. ಕಾರಟಗಿ ಮುಟ್ಟುವುದರೊಳಗೆ ಹತ್ತು ಮಂದಿ ಮುಷ್ಟಿ ತೋರಿಸುತ್ತಿದ್ದರು. ಒಬ್ಬೊಬ್ಬರಿಗೂ ತಲೆ ಆಡಿಸಿಕೊಂಡೇ ಹೋಗುತ್ತಿದ್ದೆ.

ಸಿಂಧನೂರು ಅಕ್ಕ: ಒಂದು ಸಲ ನಿಮ್ಮ ಭಾವನ ಹಿಂದೆ ಕೂತು ಪೋತ್ನಾಳದ ಕಡೆ ಹೊರಟಿದ್ದೆ. ಒಬ್ಬ ಹುಡುಗ ಜೋರಾಗಿ ಪಕ್ಕಕ್ಕೆ ಬಂದ. ನಾನು ಮುಖ ತಿರುಗಿಸಿದೆ. ‘ಅಕ್ಕಾ, ಸೆರಗು! ಸೆರಗು!’ ಅಂದ. ನೋಡಿದರೆ ಸೆರಗಿನ ತುದಿ ಚಕ್ರಕ್ಕೆ ಒಂದು ಗೇಣು ದೂರ. ಎಳೆದುಕೊಳ್ಳುವುದರೊಳಗೆ ಅವನು ಮುಂದೆ ಹೋಗಿಬಿಟ್ಟಿದ್ದ. ಇಂಥ ಕೈ ಬೇಕು ನಮಗೆ. ಸುಮ್ನೆ ಹಾಯ್ ಹೇಳುವ ಕೈ ಯಾಕೆ?

ಕೊಪ್ಪಳ ಮಾವ: ನಾನು ಮೂವತ್ತು ವರ್ಷ ಬಸ್ ಓಡಿಸಿದವನು. ಎದುರಿಗೆ ನಮ್ಮ ಬಸ್ ಬಂದರೆ ಕಿಟಕಿಯಿಂದ ಕೈ ಎತ್ತುತ್ತಿದ್ದೆವು. ಡಿಪೋ ಬೇರೆ, ಹೆಸರು ಗೊತ್ತಿಲ್ಲ. ಮುಂದೆ ಹಳ್ಳ ಬಂದಿದ್ದರೆ, ಮರ ಬಿದ್ದಿದ್ದರೆ ಆ ಕೈಯಲ್ಲೇ ಗೊತ್ತಾಗುತ್ತಿತ್ತು. ಏನೂ ಇಲ್ಲದ ದಿನವೂ ಎತ್ತುತ್ತಿದ್ದೆವು. ರಾತ್ರಿ ಪಾಳಿಯಲ್ಲಿ ಕುಷ್ಟಗಿ ದಾಟಿದ ಮೇಲೆ ಕತ್ತಲಲ್ಲಿ ಒಂದು ಕೈ ಕಂಡರೆ ಎಷ್ಟು ಧೈರ್ಯ ಬರುತ್ತಿತ್ತು ಗೊತ್ತಾ? ಹಾಯ್ ಹೇಳುವ ಕೈಯನ್ನು ತೆಗೆದುಹಾಕಬೇಡ ತಾಯೀ.

ಬಳ್ಳಾರಿ ತಮ್ಮ: ಮಾವಾ, ಇದನ್ನೇ ನಾನು ಹೇಳಿದ್ದು! ದೂರ ಹೋಗುವ ಬುಲೆಟ್‌ನವರು ನಮ್ಮನಮ್ಮೊಳಗೆ ಹಾಗೆ ಇರಬೇಕು ಅಂತ.

ನಾನು: ನನಗೆ ಸಿಟ್ಟು ಬರುವುದು ಅಲ್ಲೇ ನೋಡು. ನಮ್ಮನಮ್ಮೊಳಗೆ ಯಾಕೆ? ಒಂದು ಸಂಜೆ ಸಿಂಧನೂರು ಬಿಟ್ಟು ಮಾನ್ವಿ ಕಡೆ ಹೊರಟಿದ್ದೆ. ಸುಗ್ಗಿ ಕಾಲ. ಎದುರಿಗೆ ಒಬ್ಬ ಮುದುಕ, ಹಳೇ ಟಿವಿಎಸ್ ಎಕ್ಸೆಲ್, ಹಿಂದೆ ಮುಂದೆ ಹುಲ್ಲಿನ ಹೊರೆ. ಅಂಗೈ ಕೆಳಗೆ ಮಾಡಿ ಎರಡು ಸಲ ಗಾಳಿ ತಟ್ಟಿದ. ನಿಧಾನ, ನಿಧಾನ ಅಂತ. ನಾನು ಆಕ್ಸಿಲರೇಟರ್ ಬಿಟ್ಟೆ. ತಿರುವು ದಾಟಿದರೆ ಅರ್ಧ ರಸ್ತೆ ಪೂರ್ತಿ ಭತ್ತ ಹರವಿದ್ದಾರೆ. ಅಂಚಿಗೆ ತಲೆಗಾತ್ರದ ಕಲ್ಲುಗಳ ಸಾಲು. ಬೆಳಕು ಇಳಿದಿತ್ತು, ಕಲ್ಲಿಗೂ ಡಾಂಬರಿಗೂ ಒಂದೇ ಬಣ್ಣ. ಭತ್ತದ ಕಾಳು ಟೈರ್ ಕೆಳಗೆ ಬಂದರೆ ಬ್ರೇಕ್ ಹಿಡಿದರೂ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಅವತ್ತು ಇಪ್ಪತ್ತರಲ್ಲಿ ದಾಟಿದೆ. ಅರವತ್ತರಲ್ಲಿ ಬಂದಿದ್ದರೆ ಇವತ್ತು ಈ ಮೆಸೇಜ್ ಬರೆಯುತ್ತಿರಲಿಲ್ಲ. ಅವನ ಕೈಯಲ್ಲಿ ಬುಲೆಟ್ ಇರಲಿಲ್ಲ ತಮ್ಮಾ. ನಿನ್ನ ಲೆಕ್ಕದಲ್ಲಿ ಅವನಿಗೆ ಕೈ ಎತ್ತಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಅವನಿಗೇ.

ಬಳ್ಳಾರಿ ತಮ್ಮ: ತಪ್ಪಾಯಿತು ಅಣ್ಣಾ. ಆದರೂ ಊರೊಳಗೆ ನೂರು ಬೈಕು ಎದುರಾಗುತ್ತವೆ. ಎಲ್ಲರಿಗೂ ಹೇಗೆ?

ನಾನು: ಊರೊಳಗೆ ಬೇಡ, ಅಲ್ಲಿ ಕಣ್ಣು ರಸ್ತೆ ಮೇಲಿರಲಿ. ಖಾಲಿ ರಸ್ತೆಯಲ್ಲಿ ಒಬ್ಬನೇ ಎದುರಾದರೆ ತಲೆ ಆಡಿಸು. ಯಾವ ಗಾಡಿ ಅಂತ ನೋಡಬೇಡ. ಅವನು ವಾಪಸ್ ಆಡಿಸದಿದ್ದರೆ ಲೆಕ್ಕ ಇಡಬೇಡ. ಮುಂದೆ ಅಪಾಯ ಇದ್ದರೆ ಮಾತ್ರ ಗಾಡಿ ನಿಧಾನ ಮಾಡಿ ಕೈ ಎತ್ತು. ಅಕ್ಕಾ, ನಿನಗೆ ಮನಸ್ಸಿಲ್ಲದಿದ್ದರೆ ಯಾರಿಗೂ ಏನೂ ಮಾಡಬೇಡ, ಯಾರೂ ಕೇಳುವ ಹಾಗಿಲ್ಲ.

ಸಿಂಧನೂರು ಅಕ್ಕ: ಎದುರು ಹೆಂಗಸರು ಬಂದರೆ ತಲೆ ಆಡಿಸುತ್ತೇನೆ. ನಾಳೆಯಿಂದಲೇ.

ಕೊಪ್ಪಳ ಮಾವ: ಮೊದಲು ಎಲ್ಲರೂ ಹೆಲ್ಮೆಟ್ ಹಾಕಿ. ಬಕಲ್ ಬಿಗಿಯದೆ ಸುಮ್ನೆ ತಲೆ ಮೇಲೆ ಇಟ್ಟುಕೊಳ್ಳಬೇಡಿ.

ಗಂಗಾವತಿ ಕಾಕಾ: ನಾನಂತೂ ಸುಮ್ನೆ ಕೈ ಎತ್ತುವುದನ್ನು ಒಪ್ಪುವುದಿಲ್ಲ. ಒಂದು ವಿಷಯ, ಕಾರಟಗಿ ದಾಟಿದ ಮೇಲೆ ಎಡಬದಿಗೆ ಇವತ್ತು ಭತ್ತ ಹರವಿದ್ದಾರೆ, ಕಲ್ಲು ಇಟ್ಟಿದ್ದಾರೆ. ನಾಳೆ ಬೆಳಗ್ಗೆ ಕತ್ತಲಲ್ಲಿ ಹೊರಡುವವರು ನಿಧಾನ ಬನ್ನಿ.