ಆಪರೇಷನ್ ಗಾಯಕ್ಕೆ ಕೀವು: ನಿಯಮ ಇದ್ದರೂ ಪಾಲನೆ ಯಾಕಿಲ್ಲ?

ಸೋಮವಾರಪೇಟೆ ಬೆಳೆಗಾರ: ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಮನೆಗೆ ಬಂದ ವಾರದಲ್ಲೇ ಹೊಲಿಗೆ ಜಾಗ ಊದಿ ಕೀವು ಬಂತು. ಮತ್ತೆ ಅಡ್ಮಿಟ್. ಹಿಂದಿನ ರಾತ್ರಿ ವಾರ್ಡಿನಲ್ಲಿ ಬ್ಲೇಡಿನಿಂದ ಕೂದಲು ಬೋಳಿಸಿದ್ದರು. ಹಾಗೆ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಆಸ್ಪತ್ರೆಯವರಿಗೆ ಗೊತ್ತಿಲ್ವಾ? ನಿಯಮ ಮುರಿದವರಿಗೆ ದಂಡ ಹಾಕಬೇಕು.

ವಿರಾಜಪೇಟೆ ಸ್ಟಾಫ್ ನರ್ಸ್: ಗೊತ್ತಿದೆ ಅಣ್ಣ. ಬ್ಲೇಡಿನಿಂದ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ಅಲ್ಲಿ ರೋಗಾಣು ಬೆಳೆಯುತ್ತೆ. ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್ (ಕೂದಲು ಗಿಡ್ಡ ಕತ್ತರಿಸುವ ಮೆಷಿನ್) ಬಳಸಬೇಕು. ನಮ್ಮ ವಾರ್ಡಿಗೆ ಕ್ಲಿಪ್ಪರ್ ಬೇಕೆಂದು ಎಷ್ಟು ಸಲ ಇಂಡೆಂಟ್ (ಬೇಡಿಕೆ ಚೀಟಿ) ಕೊಟ್ಟರೂ ಸ್ಟೋರಿನಿಂದ ಬರುವುದು ಬ್ಲೇಡೇ. ಇದಕ್ಕೆ ದಂಡ ಯಾರಿಗೆ?

ಓಟಿ ಟೆಕ್ನೀಷಿಯನ್, ಮಡಿಕೇರಿ: ನಮ್ಮ ಮಳೆಗಾಲದ ಕಷ್ಟವನ್ನೂ ಕೇಳಿ. ಹಬೆಯ ಬಿಸಿಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ನಿಂದ ಬಂದ ಬಟ್ಟೆಯ ಪ್ಯಾಕ್ ಒದ್ದೆ ಇದ್ದರೆ ಅದು ಸ್ಟೆರೈಲ್ (ರೋಗಾಣುಮುಕ್ತ) ಅಲ್ಲ. ಪ್ಯಾಕಿಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾಗಿದ್ದರೂ ಅಲ್ಲ, ಯಾಕಂದ್ರೆ ಟೇಪ್ ಬಿಸಿ ತಾಗಿದ್ದನ್ನಷ್ಟೇ ತೋರಿಸುತ್ತೆ. ತೇವದ ಬಟ್ಟೆ ಮೂಲಕ ಹೊರಗಿನ ರೋಗಾಣು ಒಳಗೆ ಇಳಿಯುತ್ತೆ. ಜುಲೈನಲ್ಲಿ ಒಣಗುವ ಹೊತ್ತಿಗೇ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಹಾಕಬೇಕು. ಅಷ್ಟರಲ್ಲಿ ಒಳಗಿಂದ ಕೂಗು: ‘ಪೇಷಂಟ್ ಟೇಬಲ್ ಮೇಲಿದ್ದಾರೆ, ಇದ್ದದ್ದು ಕೊಡಪ್ಪಾ!’ ಆಗ ಆಗಲ್ಲ ಅನ್ನೋಕೆ ಧೈರ್ಯ ಬೇಕು.

ಅರಿವಳಿಕೆ ಡಾಕ್ಟರ್: ವಿಷಯ ಅಲ್ಲೇ ಇದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ, ಆಪರೇಷನ್ ವೇಳೆ ಒಂದೊಂದೇ ನೋಡಿ ಟಿಕ್ ಹಾಕುವ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ದೆಹಲಿಯೂ ಸೇರಿ 8 ನಗರಗಳಲ್ಲಿ ಅದನ್ನು ಬಳಸಿದಾಗ ದೊಡ್ಡ ತೊಂದರೆಗಳು ಶೇ. 11ರಿಂದ 7ಕ್ಕೆ ಇಳಿದವು. ಆದರೆ ಕೆನಡಾದ ಒಂಟಾರಿಯೊದಲ್ಲಿ ಅದೇ ಪಟ್ಟಿಯನ್ನು ಕಡ್ಡಾಯ ಮಾಡಿದರೂ ಸಾವು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಆದೇಶದಿಂದ ಟಿಕ್ ಬೀಳುತ್ತೆ, ಕೆಲಸ ಆಗಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಐಸಿಯುನಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ಲೈನ್ (ನಳಿಕೆ) ಹಾಕುವಾಗ ಡಾಕ್ಟರ್ ಹೆಜ್ಜೆ ತಪ್ಪಿದರೆ ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟರು. ಅಲ್ಲಿ ಸೋಂಕು ನಿಜವಾಗಿ ಇಳಿಯಿತು.

ಸೋಮವಾರಪೇಟೆ ಬೆಳೆಗಾರ: ಇಲ್ಲಿ ನರ್ಸ್ ಹಾಗೆ ಅಂದರೆ ಮರುದಿನವೇ ಡ್ಯೂಟಿ ಬದಲಾಗುತ್ತೆ, ಅಲ್ವಾ ಡಾಕ್ಟರೇ?

ವಿರಾಜಪೇಟೆ ಸ್ಟಾಫ್ ನರ್ಸ್: ಎಲ್ಲರೂ ಹಾಗಿಲ್ಲ. ನಮ್ಮ ಒಬ್ಬ ಸರ್ಜನ್ ಗ್ಲೌಸ್ ಹಾಕಿ ನಿಂತು ಮೊದಲು ಕೇಳೋದೇ ‘ಆ್ಯಂಟಿಬಯಾಟಿಕ್ ಎಷ್ಟು ಗಂಟೆಗೆ ಕೊಟ್ರಿ ಸಿಸ್ಟರ್?’ ಕುಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಟ್ಟಿರದಿದ್ದರೆ ಕೈ ಕಟ್ಟಿ ಕಾಯ್ತಾರೆ. ಅವರ ಆಪರೇಷನ್ ಇರುವ ದಿನ ನಾವ್ಯಾರೂ ಮರೆಯಲ್ಲ. ಹೊಸ ಹುಡುಗಿಯರೂ ಧೈರ್ಯವಾಗಿ ಮಾತಾಡ್ತಾರೆ.

ದಂಡದ ಬಗ್ಗೆ ಇನ್ನೊಂದು ಮಾತು. ಹರ್ನಿಯಾ ಆಪರೇಷನ್ ಆದಮೇಲೆ 90 ದಿನ ಸೋಂಕಿನ ಮೇಲೆ ಕಣ್ಣಿಡಬೇಕು. ನಮ್ಮ ಜನ ಕೀವು ಬಂದರೆ ಹತ್ತಿರದ ಕ್ಲಿನಿಕ್‌ಗೋ ಮೈಸೂರಿಗೋ ಹೋಗ್ತಾರೆ. ಆಪರೇಷನ್ ಮಾಡಿದವರಿಗೆ ಗೊತ್ತೇ ಆಗಲ್ಲ. ದಂಡ ಬಂದರೆ ಗೊತ್ತಾದದ್ದನ್ನೂ ಮುಚ್ಚಿಡ್ತಾರೆ. ಅದರ ಬದಲು ಪ್ರತಿ ಪೇಷಂಟ್‌ಗೆ ಫೋನ್ ಮಾಡಿ ಕೇಳೋಕೆ ಒಬ್ಬರನ್ನು ಇಡಲಿ.

ಸೋಮವಾರಪೇಟೆ ಬೆಳೆಗಾರ: ಮುಚ್ಚಿಡೋ ಮಾತು ಸರಿ, ಒಪ್ಪಿದೆ. ಆದರೆ ಬ್ಲೇಡ್ ವಿಷಯ ಬಿಡಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಸ್ತುವಾರಿ ನೋಡೋ ಆರೋಗ್ಯ ರಕ್ಷಾ ಸಮಿತಿ ಇರುತ್ತಲ್ವಾ? ಸಿಸ್ಟರ್, ಆ ಇಂಡೆಂಟ್ ಪ್ರತಿ ಇದ್ದರೆ ಇಟ್ಟುಕೊಂಡಿರಿ. ನಮ್ಮ ಕಡೆಯ ಸಮಿತಿ ಸದಸ್ಯರ ಹತ್ತಿರ ಕ್ಲಿಪ್ಪರ್ ಬಗ್ಗೆ ನಾನೇ ಮಾತಾಡ್ತೇನೆ.